ಹನ್ನೊಂದು ಮಕ್ಕಳಿಗೆ ಸಿಕ್ಕ ಇರುಳು

೧೧ ಏಪ್ರಿಲ್, ಶನಿವಾರ
ಪ್ರಯೋಗಾಲಯ, ಮಧ್ಯಾಹ್ನ

ಪ್ರೀತಿಯ ದೊಡ್ಡಕ್ಕ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಒಡೆಯದೆ ಪಕ್ಕಕ್ಕೆ ಎಸೆದು, ಆಮೇಲೆ ತಡೆಯಲಾರದೆ ಎತ್ತಿಕೊಂಡಿರುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಎರಡೂವರೆ ವರ್ಷದಿಂದ ಒಂದು ಸಾಲನ್ನೂ ಬರೆಯದವಳು ಈಗೇಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೆಲಸ ಹೆಚ್ಚಿತ್ತು.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದೆವು. ಬರುವ ಮಂಗಳವಾರ ಹೊಸ ಶಿಶು ವಾರ್ಡು ತೆರೆಯುತ್ತದೆ. ಮಕ್ಕಳನ್ನು ಬೆಚ್ಚಗಿಡುವ ಹದಿನಾರು ಗಾಜಿನ ಪೆಟ್ಟಿಗೆಗಳಿಗೆ ಹದಿನಾರು ದೀಪ, ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚು. ಸಂಜೆ ಏಳಕ್ಕೆ ದೀಪಗಳು ತಗ್ಗುತ್ತವೆ, ಬೆಳಿಗ್ಗೆ ಏಳಕ್ಕೆ ಏರುತ್ತವೆ. ನಮ್ಮ ಹಳೆಯ ವಾರ್ಡಿನಲ್ಲಿ ಹನ್ನೆರಡು ಟ್ಯೂಬ್‌ಲೈಟುಗಳು ಒಂದೇ ತಂತಿಗೆ ಜೋತುಬಿದ್ದು, ಕಟ್ಟಡ ಕಟ್ಟಿದ ದಿನದಿಂದ ಒಮ್ಮೆಯೂ ಯಾರೂ ಆರಿಸದೆ ಉರಿದವಲ್ಲ, ಅವುಗಳ ಕಾಲ ಮುಗಿಯಿತು.

ಇನ್ನು ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಾಳೆ ಎಂದು ಬೇಸರಿಸಬೇಡಿ. ಮೊದಲಿನಿಂದ ಹೇಳದಿದ್ದರೆ ಎಲ್ಲೋ ಒಂದು ಕಡೆ ನನಗೆ ಅನುಕೂಲವಾದ ಅಡ್ಡದಾರಿ ಹಿಡಿದುಬಿಡುತ್ತೇನೆ.

ನಲವತ್ತು ದಾಟಿದ ಮೇಲೆ ಸ್ನಾತಕೋತ್ತರ ಪದವಿ ಮಾಡಿಕೊಂಡು ನಾನು ನೀವು ಹಿರಿಯ ನರ್ಸಾಗಿದ್ದ ವಾರ್ಡಿನ ಬಾಗಿಲಿಗೆ ಬಂದು ನಿಂತಾಗ, ಕೈಯಲ್ಲಿ ಒಂದು ಹತ್ತಿಯ ಕಟ್ಟು ಇತ್ತು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಡಯಾಪರಿನಲ್ಲಿ ಈ ಹತ್ತಿಯ ಉಂಡೆ ಇಡಬೇಕು, ನಾಲ್ಕು ಗಂಟೆಗೊಮ್ಮೆ ತೆಗೆದು ಸಿರಿಂಜಿನಲ್ಲಿ ಹಾಕಿ ಹಿಂಡಬೇಕು, ಬಂದ ನಾಲ್ಕು ಹನಿ ಮೂತ್ರವನ್ನು ಫ್ರೀಜರಿನಲ್ಲಿಡಬೇಕು ಎಂದೆ. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟಕ್ಕೇನಾ ಅಷ್ಟು ಓದಿದ್ದು?" ಎಂದಿರಿ. ಅಂದೇ ನನಗೆ ಹತ್ತಿ ಮೇಡಂ ಎಂದು ಹೆಸರಿಟ್ಟಿರಿ. ಈಗ ಸಂಬಳದ ಗುಮಾಸ್ತರೂ ಹಾಗೇ ಕರೆಯುತ್ತಾರೆ.

ಆ ನಾಲ್ಕು ಹನಿಯಲ್ಲಿ ನಾನು ಹುಡುಕುತ್ತಿದ್ದದ್ದು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನಿನ ಗುರುತನ್ನು. ಕತ್ತಲಾದಾಗ ಅದು ಮಿದುಳಿನೊಳಗೆ ಒಸರುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ನಿಲ್ಲುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಇರುಳಾಯಿತೆಂಬ ಸುದ್ದಿ ತಾಯಿಯ ರಕ್ತದ ಮೂಲಕವೇ ತಲುಪುತ್ತದೆ. ದಿನ ತುಂಬಿ ಹುಟ್ಟಿದ ಮಗುವೂ ಅದನ್ನು ತಾನೇ ಮಾಡಿಕೊಳ್ಳುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಏಳು ತಿಂಗಳಿಗೇ ಹೊರಬಿದ್ದ ಮಗುವಿಗಾದರೆ ತಾಯಿಯ ಕಡೆಯ ಸುದ್ದಿ ಥಟ್ಟನೆ ನಿಂತುಹೋಗಿರುತ್ತದೆ, ತನ್ನದು ಇನ್ನೂ ಬಹಳ ದೂರವಿರುತ್ತದೆ. ಆ ನಡುವಿನ ತಿಂಗಳುಗಳನ್ನು ಅದು ನಮ್ಮ ಆರದ ಟ್ಯೂಬ್‌ಲೈಟುಗಳ ಕೆಳಗೆ ಕಳೆಯುತ್ತದೆ. ಅದಕ್ಕೆ ಕತ್ತಲೆ ಕೊಟ್ಟು ನೋಡೋಣ, ಹಾರ್ಮೋನು ಬೇಗ ಏಳಬಹುದು ಎಂಬುದು ನನ್ನ ಲೆಕ್ಕ.

ಹತ್ತಿ ಹಿಂಡುತ್ತಾ ಪದ್ಯ ಓದುವವಳು ಎಂದು ನೀವು ರೇಗಿಸುತ್ತಿದ್ದಿರಿ. ನಿಜ, ಯಂತ್ರ ತಿರುಗುವಾಗ ಸಿಗುವ ಹತ್ತು ನಿಮಿಷದಲ್ಲಿ ನಾನು ಇಂದಿಗೂ ಪದ್ಯವನ್ನೇ ಓದುವುದು. ಎಷ್ಟು ಕವಿಗಳು ಕತ್ತಲೆಯನ್ನು ಬೈದಿದ್ದಾರೆಂದು ಆ ದಿನಗಳಲ್ಲಿ ಮೊದಲ ಬಾರಿಗೆ ಗಮನಿಸಿದೆ. ಅಜ್ಞಾನಕ್ಕೆ ಕತ್ತಲೆ, ದುಃಖಕ್ಕೆ ಕತ್ತಲೆ, ಸಾವಿಗೂ ಅದೇ. ಒಂದು ಕಿಲೋ ತೂಗದ ಮಗುವಿನ ತಲೆಯೊಳಗಿನ ಒಂದು ಕಾಳಿನಷ್ಟು ಗ್ರಂಥಿಗೆ ಮಾತ್ರ ಕತ್ತಲೆಯೇ ಊಟ. ಈ ಮಾತನ್ನು ನಿಮಗೆ ಹೇಳಿದಾಗ ನೀವು ನಗಲಿಲ್ಲ. "ಕತ್ತಲೆ ಬಗ್ಗೆ ನಿಮಗೇನು ಗೊತ್ತು" ಎಂದಷ್ಟೇ ಹೇಳಿ ಔಷಧಿಯ ಕಪಾಟಿನ ಕಡೆಗೆ ಹೋದಿರಿ. ನಾನು ಅದನ್ನು ಕೇಳಿಸಿಕೊಂಡೆ, ಅಷ್ಟೇ. ಕೇಳಿ ತಿಳಿದುಕೊಳ್ಳಲಿಲ್ಲ.

ದೀಪ ಆರಿಸಲು ಸ್ವಿಚ್ಚೇ ಇಲ್ಲವಾದ್ದರಿಂದ ಪೆಟ್ಟಿಗೆಗಳ ಮೇಲೆ ದಪ್ಪ ಬಟ್ಟೆಯ ಹೊದಿಕೆ ಹಾಕಿದೆವು. ಹನ್ನೆರಡು ಮಕ್ಕಳು, ಐದು ತಿಂಗಳು, ಸಂಜೆ ಏಳರಿಂದ ಬೆಳಿಗ್ಗೆ ಏಳು. ನೀವಾಗಿಯೇ ಕೇಳಿ ವಾರಕ್ಕೆ ಆರು ರಾತ್ರಿ ಪಾಳಿ ಹಾಕಿಸಿಕೊಂಡಿರಿ. ಇಷ್ಟು ವರ್ಷದ ಸೇವೆಯಾದ ಮೇಲೆ ಯಾರಾದರೂ ಹಾಗೆ ಮಾಡುತ್ತಾರೆಯೇ? ನನ್ನ ಪ್ರಯೋಗದ ಮೇಲಿನ ಪ್ರೀತಿ ಎಂದುಕೊಂಡು ಒಳಗೊಳಗೇ ಉಬ್ಬಿಹೋಗಿದ್ದೆ.

ಫಲಿತಾಂಶ ಏನಾಯಿತೆಂದು ನಿಮಗೆ ಗೊತ್ತು. ಮನೆಗೆ ಹೋದ ಮೇಲೂ ಮೂರು ತಿಂಗಳು ಬೆನ್ನು ಬಿಡದೆ ಅಳೆದರೂ ಹೊದಿಕೆಯ ಕೆಳಗಿದ್ದ ಮಕ್ಕಳಿಗೂ ಬೆಳಕಿನಲ್ಲಿದ್ದವರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹನ್ನೆರಡರಲ್ಲಿ ಒಂದು ಮಗುವಿನ ಹಾರ್ಮೋನು ಮಾತ್ರ ರಾತ್ರಿ ಹೊತ್ತು ಚೆನ್ನಾಗಿ ಏರಿತ್ತು. ಹನ್ನೊಂದು ಒಂದು ಕಡೆ, ಒಂದು ಒಂದು ಕಡೆ. ಆ ಒಂದನ್ನು ಅಳತೆಯ ತಪ್ಪು ಎಂದು ಕೆಂಪು ಪೆನ್ಸಿಲಿನಲ್ಲಿ ಸುತ್ತುಹಾಕಿ ಬಿಟ್ಟುಬಿಟ್ಟೆ.

ಸಭೆಯಲ್ಲಿ ದೊಡ್ಡ ಡಾಕ್ಟರು ಕಾರಣ ಕೇಳಿದರು. ನರ್ಸುಗಳು ಹೊತ್ತಿಗೆ ಸರಿಯಾಗಿ ಹತ್ತಿ ಬದಲಿಸಿಲ್ಲ, ರಾತ್ರಿಯದೂ ಹಗಲಿನದೂ ಕಲಸಿಹೋಗಿದೆ ಎಂಬ ಮಾತು ಬಂತು. ನಾನು ಸುಮ್ಮನಿದ್ದೆ. ನೀವು ಕುರ್ಚಿಯ ತುದಿಯಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಿವೃತ್ತಿಗೆ ಇನ್ನೂ ಎಂಟು ತಿಂಗಳಿರುವಾಗಲೇ ಒಂದು ಸೋಮವಾರ ಕಪಾಟಿನ ಬೀಗದಕೈಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದಿರಿ. ಬೀಳ್ಕೊಡುಗೆ ಬೇಡ ಎಂದಿರಂತೆ. ಆ ದಿನ ನಾನು ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕುಳಿತಿದ್ದೆ.

ಹೋದ ವರ್ಷ ಜನವರಿಯಲ್ಲಿ ಹಳೆಯ ದಾಖಲೆಗಳನ್ನು ಪೆಟ್ಟಿಗೆಗೆ ತುಂಬಿಸಿ ಎಂದು ಆದೇಶ ಬಂತು. ತುಂಬಿಸುವ ಮೊದಲು ಆ ಕೆಂಪು ಸುತ್ತಿನ ಮಗುವಿನ ಹಾಳೆಗಳನ್ನು ಯಾಕೋ ತೆಗೆದು ಓದಿದೆ. ಗಂಟೆಗೊಮ್ಮೆ ಉಸಿರು, ಬಿಸಿ, ಬಣ್ಣ ಬರೆಯುವ ನಮ್ಮ ಹಾಳೆ. ಬಣ್ಣದ ಸಾಲಿನಲ್ಲಿ ರಾತ್ರಿ ಪೂರ್ತಿ "ಮಾನಿಟರ್ ಸರಿ, ಮಾನಿಟರ್ ಸರಿ" ಎಂದಿತ್ತು. ಚಿಕ್ಕ ಸಿಸ್ಟರುಗಳ ಕೋಳಿಕಾಲಿನ ಅಕ್ಷರ. ಹೋಲಿಸಿ ನೋಡೋಣವೆಂದು ಇನ್ನೊಂದು ಮಗುವಿನ ಹಾಳೆ ತೆಗೆದೆ. ನಿಮ್ಮ ದುಂಡನೆಯ ಅಕ್ಷರ. ಒಂದು ಗಂಟೆ, ತುಟಿ ಗುಲಾಬಿ. ಎರಡು ಗಂಟೆ, ತುಟಿ ಗುಲಾಬಿ. ಮೂರು ಗಂಟೆ, ತುಟಿ ಗುಲಾಬಿ.

ದೊಡ್ಡಕ್ಕ, ದಪ್ಪ ಹೊದಿಕೆಯ ಕೆಳಗಿನ ಕತ್ತಲೆಯಲ್ಲಿ ತುಟಿ ಗುಲಾಬಿಯೋ ನೀಲಿಯೋ ಯಾರಿಗೆ ಕಾಣುತ್ತದೆ?

ಹನ್ನೊಂದು ಮಕ್ಕಳ ಹಾಳೆಗಳನ್ನೂ ನೆಲದ ಮೇಲೆ ಹರಡಿದೆ. ಎಲ್ಲದರಲ್ಲೂ ನಿಮ್ಮ ಗುಲಾಬಿ. ಕೆಂಪು ಸುತ್ತಿನ ಮಗು ಹೊದಿಕೆಯ ಕೆಳಗಿದ್ದ ಆರು ವಾರ ನೀವು ಬೆನ್ನುನೋವಿಗೆ ರಜೆ ಹಾಕಿದ್ದಿರಿ. ಚಿಕ್ಕ ಸಿಸ್ಟರುಗಳು ಹೊದಿಕೆ ಎತ್ತುವ ಉಸಾಬರಿಗೆ ಹೋಗದೆ ಮಾನಿಟರಿನ ಅಂಕಿ ನೋಡಿ ಬರೆದಿದ್ದರು. ಹನ್ನೆರಡರಲ್ಲಿ ನಿಜವಾದ ಕತ್ತಲೆ ಸಿಕ್ಕಿದ್ದು ಆ ಒಂದು ಮಗುವಿಗೆ, ಅದೂ ಅವರ ಸೋಮಾರಿತನದಿಂದ. ನಾನು ಅಳತೆಯ ತಪ್ಪು ಎಂದು ಬಿಟ್ಟದ್ದೇ ಇಡೀ ಪ್ರಯೋಗದಲ್ಲಿ ಸರಿಯಾಗಿದ್ದದ್ದು.

ನಮ್ಮ ವಾರ್ಡಿನ ಹಳೆಯ ಆಯಾ, ಆಯಮ್ಮ, ಬಟ್ಟೆ ಕೋಣೆಯಲ್ಲಿ ಹಾಸುಬಟ್ಟೆಗಳನ್ನು ಮಡಿಸುತ್ತಿದ್ದಳು. ನೀವು ರಾತ್ರಿ ಹೊದಿಕೆ ಎತ್ತಿ ಟಾರ್ಚು ಬಿಡುತ್ತಿದ್ದಿರಾ ಎಂದು ನೇರವಾಗಿ ಹೋಗಿ ಕೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸಲೂ ಇಲ್ಲ.

"ಟಾರ್ಚಾ? ಹೂಂ, ಬಿಡ್ತಿದ್ಲು. ಗಂಟೆಗೊಂದ್ಸಲ, ಒಬ್ಬೊಬ್ಬರಿಗೂ."

"ನಿಂಗೆ ಗೊತ್ತಿತ್ತಾ ಆಯಮ್ಮ? ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ನಲವತ್ತು ವರ್ಷ ಆಯ್ತು ಇಲ್ಲಿ. ನನ್ನ ಯಾರಾದ್ರೂ ಏನಾದ್ರೂ ಕೇಳಿದ್ದು ಅಂದ್ರೆ ಕಕ್ಕಸಿನ ಬೀಗದಕೈ ಎಲ್ಲಿ ಅಂತ."

ಆಮೇಲೆ ತಾನಾಗಿಯೇ ಹೇಳಿದಳು. ನೀವು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಸಂಜೆ ಕರೆಂಟು ಹೋಯಿತು, ಜನರೇಟರು ಹತ್ತಲಿಲ್ಲ. "ಆರು ಪೆಟ್ಟಿಗೆ, ಇವಳೊಬ್ಬಳೇ ಹುಡುಗಿ. ಕೈಗೊಂದು ಬೆಂಕಿಪೊಟ್ಟಣ ಸಿಗ್ಲಿಲ್ಲ. ಒಂದೊಂದರ ಎದೆ ಮೇಲೂ ಕೈಯಿಟ್ಟು ಉಸಿರು ನೋಡ್ತಾ ಸುತ್ತಿದ್ಲು. ಇಪ್ಪತ್ತು ನಿಮಿಷ. ಲೈಟು ಬಂದಾಗ ಕಿಟಕಿ ಪಕ್ಕದ್ದು ನೀಲಿ ಆಗಿತ್ತು." ಆಯಮ್ಮ ಹಾಸುಬಟ್ಟೆಯ ಅಂಚು ನೇರ ಮಾಡಿದಳು. "ಅವತ್ತಿಂದ ಆ ಮಾತು ಎತ್ತಿಲ್ಲ. ಎಲ್ಲಿ ಹೋದ್ರೂ ಜೇಬಲ್ಲಿ ಟಾರ್ಚು. ನೀವು ಬಂದು ಕತ್ತಲೆ ಮಾಡ್ತೀನಿ ಅಂದ್ರಿ. ಪಾಪ, ಬೇಡ ಅನ್ನಕ್ಕಾಗದೆ ರಾತ್ರಿಯೆಲ್ಲ ಕಾಯ್ತಾ ಕೂತ್ಕೊಂಡ್ಲು."

ಪ್ರೀತಿ ಪ್ರಯೋಗದ ಮೇಲಲ್ಲ, ಮಕ್ಕಳ ಮೇಲೆ ಎಂದು ಆಗ ಅರ್ಥವಾಯಿತು.

ಮರುದಿನವೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಇನ್ನೊಮ್ಮೆ ಅವಕಾಶ ಕೊಡಿ ಎಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು, "ನಿಜ ಹೇಳಿ, ಇದು ಹಾರ್ಮೋನಿನ ಮೇಲಿನ ಪ್ರೀತೀನೋ, ಸೋತ ಸಿಟ್ಟೋ?" ಎರಡೂ ಎಂದೆ. ಅವರು ನಕ್ಕು ಹೊಸ ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ನವೆಂಬರಿನಲ್ಲಿ ಗೋಡೆಗೆ ಪ್ಲಾಸ್ಟರು. ಅದಕ್ಕೆ ಮೊದಲು ತಂತಿ ಎಲ್ಲೆಲ್ಲಿ ಹೋಗಬೇಕೆಂದು ಹೇಳಿಬಿಡಬೇಕು. ಅಷ್ಟರೊಳಗೆ ಕತ್ತಲೆಯಿಂದ ಲಾಭವಿದೆ ಎಂದು ತೋರಿಸಿದರೆ ಪ್ರತಿ ಪೆಟ್ಟಿಗೆಗೂ ಸ್ವಿಚ್ಚು. ಇಲ್ಲವಾದರೆ ಹಳೆಯ ವಾರ್ಡಿನ ಹಾಗೇ ಒಂದೇ ತಂತಿ, ಎಲ್ಲ ದೀಪ. "ಪ್ಲಾಸ್ಟರಾದ ಮೇಲೆ ಗೋಡೆ ಒಡೆಯೋಕೆ ನನ್ನ ಆಯಸ್ಸಿನಲ್ಲಿ ಒಪ್ಪಲ್ಲ" ಎಂದರು. ಇನ್ನು ಮೂವತ್ತು ವರ್ಷ ಅಲ್ಲಿ ಬಂದು ಮಲಗುವ ಮಕ್ಕಳಿಗೆ ರಾತ್ರಿ ಇರಬೇಕೋ ಬೇಡವೋ ಎಂಬುದು ಹತ್ತು ತಿಂಗಳಲ್ಲಿ ತೀರ್ಮಾನವಾಗಬೇಕಿತ್ತು.

ಹಳೆಯ ಹೊದಿಕೆಗಳನ್ನು ಮತ್ತೆ ಹೊರತೆಗೆದಾಗ ಆ ಚಿಕ್ಕ ಸಿಸ್ಟರುಗಳಲ್ಲಿ ಒಬ್ಬಳು ಅಡ್ಡ ನಿಂತಳು. ನೀವೇ ತಿದ್ದಿ ತೀಡಿದ ಹುಡುಗಿ. ಮೊದಲ ಸಲ ಮಾನಿಟರ್ ಸರಿ ಎಂದು ಬರೆದದ್ದಕ್ಕೆ ರಜೆಯಿಂದ ಬಂದ ಮೇಲೆ ನೀವು ಅವಳಿಗೆ ಮಾಡಿದ ಮಂಗಳಾರತಿ ಅವಳಿನ್ನೂ ಮರೆತಿರಲಿಲ್ಲ. "ಕಾಣದ್ದನ್ನ ಕಂಡೆ ಅಂತ ನಾನು ಬರೆಯಲ್ಲ ಮೇಡಂ. ಯಂತ್ರ ನೋಡೋದು ಬರೀ ಅಂಕಿ, ನಾವು ನೋಡಬೇಕಾದ್ದು ಮಗೂನ. ದೊಡ್ಡಕ್ಕ ಹೇಳಿದ್ದು."

ನಿಮ್ಮ ಮಾತನ್ನು ನಿಮ್ಮದೇ ದನಿಯಲ್ಲಿ ಹೇಳಿದಳು. ಹಿಂದಿನ ನಾನಾಗಿದ್ದರೆ ದೊಡ್ಡ ಡಾಕ್ಟರ ಸಹಿ ತೋರಿಸುತ್ತಿದ್ದೆ. ಈ ಸಲ ಅವಳ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು, ಮಗು ಚೆನ್ನಾಗಿದೆ ಎಂದು ತಿಳಿಯಲು ನಿನಗೆ ಕನಿಷ್ಠ ಏನು ಕಾಣಬೇಕು ಎಂದು ಕೇಳಿದೆ. ಅವಳು ತುಸು ಯೋಚಿಸಿ ಹೇಳಿದಳು, "ಹೊಟ್ಟೆ ಕಂಡ್ರೆ ಸಾಕು. ಹೊಟ್ಟೆ ಬಣ್ಣ ಸರಿ ಇದ್ದು, ಉಸಿರಿಗೆ ಎದ್ದು ಇಳೀತಾ ಇದ್ರೆ ಮುಖ ನೋಡೋ ಅಗತ್ಯ ಇಲ್ಲ. ಅನುಮಾನ ಬಂದ್ರೆ ಮಾತ್ರ ತುಟಿ."

ಪಕ್ಕದ ಪೆಟ್ಟಿಗೆಯ ಹತ್ತಿರ ಒಬ್ಬ ತಾಯಿ ಕುಳಿತು ನಮ್ಮ ಮಾತು ಕೇಳುತ್ತಿದ್ದಳು. ವೃತ್ತಿಯಲ್ಲಿ ದರ್ಜಿ. ಇಪ್ಪತ್ತೆಂಟು ವಾರಕ್ಕೇ ಹೆರಿಗೆಯಾಗಿ, ನೋವು ಬಂದಾಗ ಹೇಗಿದ್ದಳೋ ಹಾಗೇ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಆಸ್ಪತ್ರೆಗೆ ಬಂದವಳಂತೆ. ಮಗುವಿನ ತೂಕ ಒಂಬೈನೂರು ಗ್ರಾಂ. ಮಕ್ಕಳನ್ನು ಹುಟ್ಟಿದ ತೂಕದಿಂದ ಕರೆಯುವ ನಿಮ್ಮ ಪದ್ಧತಿ ಇನ್ನೂ ಬಿಟ್ಟಿಲ್ಲ. ಹಾಗಾಗಿ ಅದು ನಮ್ಮೆಲ್ಲರ ಒಂಬೈನೂರಮ್ಮ.

"ಅದಕ್ಕೇನು ಮೇಡಂ, ಜೇಬಿಗೆ ಮುಚ್ಚಳ ಇಡಲ್ವಾ ನಾವು, ಹಂಗೆ ಹೊಟ್ಟೆ ಹತ್ರ ಒಂದು ಇಟ್ಕೊಡ್ತೀನಿ. ಎತ್ತಿ ನೋಡಿ, ಬಿಟ್ಬಿಡಿ. ಕುತ್ತಿಗೆ ಹತ್ರ ಒಳಗಡೆ ಒಂದು ಪರದೆ ಹೊಲಿದ್ರೆ ಬೆಳಕು ಮುಖಕ್ಕೆ ಹೋಗಲ್ಲ."

ಎಂದವಳೇ ಎದ್ದು ಪೆಟ್ಟಿಗೆಯ ಅಳತೆ ತೆಗೆಯತೊಡಗಿದಳು. ಉದ್ದ, ಅಗಲ, ಎತ್ತರ. ಪುಟ್ಟ ಗಿರಾಕಿಯನ್ನು ಗಾಜಿನಾಚೆಯಿಂದ ನೋಡಿ, "ಅಲುಗಾಡಬೇಡ ಕಣೇ, ಅಳತೆ ತಪ್ಪುತ್ತೆ" ಎಂದಳು. ಚಿಕ್ಕ ಸಿಸ್ಟರು ನಕ್ಕುಬಿಟ್ಟಳು. ವಾರದೊಳಗೆ ಹನ್ನೊಂದು ಹೊದಿಕೆಗಳು ಬಂದವು. ಮುಚ್ಚಳಕ್ಕೆ ಗುಂಡಿ ಬೇಡ, ಮಗು ಎದ್ದೀತು, ಬಟ್ಟೆಯ ಭಾರಕ್ಕೆ ತಾನೇ ಬೀಳಲಿ ಎಂದು ಯೋಚಿಸಿದ್ದೂ ಅವಳೇ. ಮೊದಲ ಸಂಜೆ ಚಿಕ್ಕ ಸಿಸ್ಟರು ಹಾಳೆಯಲ್ಲಿ "ಹೊಟ್ಟೆ ಗುಲಾಬಿ" ಎಂದು ಬರೆದು, ನನ್ನ ಕಡೆ ತಿರುಗಿ ಹುಬ್ಬೇರಿಸಿದಳು. ಅಷ್ಟು ವರ್ಷ ನಾನು ಓದಿದ ಪುಸ್ತಕಗಳಲ್ಲಿ ಆ ಮುಚ್ಚಳದ ಪ್ರಸ್ತಾಪ ಎಲ್ಲೂ ಇರಲಿಲ್ಲ.

ಹನ್ನೊಂದು ಮಕ್ಕಳು ಹೊದಿಕೆಯ ಕೆಳಗೆ, ಹತ್ತು ಮಕ್ಕಳು ಎಂದಿನ ಬೆಳಕಿನಲ್ಲಿ. ಒಂದು ಮಗುವೂ ಯಾರ ಕಣ್ಣಿಗೂ ಬೀಳದೆ ನೀಲಿಯಾಗಲಿಲ್ಲ. ಇದನ್ನು ನಾನು ಎಲ್ಲಕ್ಕಿಂತ ಮೊದಲೇ ಬರೆಯಬೇಕಿತ್ತು, ನೀವು ಅದನ್ನೇ ಹುಡುಕುತ್ತಾ ಓದುತ್ತಿರುತ್ತೀರಿ. ಒಮ್ಮೆ ಮಾತ್ರ, ಮೇ ತಿಂಗಳಲ್ಲಿ, ಮುಚ್ಚಳ ಎತ್ತಿದ ಚಿಕ್ಕ ಸಿಸ್ಟರಿಗೆ ಹೊಟ್ಟೆಯ ಏರಿಳಿತ ನಿಧಾನವೆನಿಸಿತು. ಮಾನಿಟರು ಇನ್ನೂ ಕೂಗಿರಲಿಲ್ಲ. ಹೊದಿಕೆ ಪೂರ್ತಿ ಎಳೆದು ಪಾದ ತಟ್ಟಿದಳು, ಮಗು ಮೂಗು ಮುರಿದು ಉಸಿರೆಳೆದುಕೊಂಡಿತು. ಯಂತ್ರ ಆಮೇಲೆ ಕೂಗಿತು. ಆ ಹುಡುಗಿ ಅಂದು ಊಟಕ್ಕೆ ಕುಳಿತಾಗ ನಿಮ್ಮ ಹೆಸರು ಹೇಳಿ ಕಣ್ಣೊರೆಸಿಕೊಂಡಳು.

ಮಕ್ಕಳು ಮನೆಗೆ ಹೋದ ಮೇಲೆ ತಾಯಂದಿರೇ ಹತ್ತಿ ಇಟ್ಟು, ಹಿಂಡಿ, ಫ್ರಿಜ್ಜಿನಲ್ಲಿಟ್ಟು ತಿಂಗಳಿಗೊಮ್ಮೆ ತಂದುಕೊಟ್ಟರು. ದರ್ಜಿಯಮ್ಮನ ಮನೆಯಲ್ಲಿ ಗಂಡ ಐಸ್‌ಕ್ರೀಮೆಂದು ಡಬ್ಬಿಗೆ ಕೈಹಾಕಿದನಂತೆ. "ಬಾಯಿಗೆ ಹಾಕ್ಕೊಳ್ಳೋ ಮೊದ್ಲು ಹೇಳಿದೆ ಮೇಡಂ, ಒಂದು ಕ್ಷಣ ಸುಮ್ನಿರೋಣ ಅಂತ ಮನಸ್ಸಿಗೆ ಬಂದಿತ್ತು" ಎಂದಳು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಒಂಬೈನೂರಮ್ಮನಿಗೆ ಆಗಿನ್ನೂ ಹಗಲು ರಾತ್ರಿಯ ಭೇದವಿರಲಿಲ್ಲ. ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟು ನಿದ್ದೆಹೋಗುತ್ತೇನೆ, ಇವಳಿಗೆ ಯಾವತ್ತಾದರೂ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಗೊತ್ತಾಗುತ್ತದೆ ಎಂದೆ. ಹೇಳುವಾಗ ನನಗೂ ಗೊತ್ತಿರಲಿಲ್ಲ.

ಅಕ್ಟೋಬರಿನ ಕೊನೆಯ ವಾರ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಪರೀಕ್ಷೆಗೆ ಹಾಕಿದೆ. ನೀವು ಪ್ರಯೋಗಾಲಯದ ಒಳಗೆ ಬಂದವರೇ ಅಲ್ಲ, ಹಾಗಾಗಿ ಹೇಳುತ್ತೇನೆ. ಅಂಗೈಯಗಲದ ತಟ್ಟೆಯಲ್ಲಿ ಸಾಲುಸಾಲಾಗಿ ಪುಟ್ಟ ಗುಳಿಗಳಿರುತ್ತವೆ. ಒಂದೊಂದಕ್ಕೂ ಒಂದು ಮಾದರಿ, ಅದರ ಮೇಲೆ ಔಷಧಿ. ಕೊನೆಗೆ ಗುಳಿಗಳಲ್ಲಿ ಹಳದಿ ಬಣ್ಣ ಮೂಡುತ್ತದೆ. ಈ ಪರೀಕ್ಷೆಯ ಕ್ರಮ ತಿರುವುಮುರುವು. ಹಳದಿ ತೆಳುವಾದಷ್ಟೂ ಹಾರ್ಮೋನು ಹೆಚ್ಚು. ಮೇಲಿನ ಸಾಲಿಗೆ ಹಗಲಿನ ಮಾದರಿ, ಅದರ ಕೆಳಗೆ ಅದೇ ಮಗುವಿನ ರಾತ್ರಿಯದು.

ಯಂತ್ರಕ್ಕೆ ಕೊಡುವ ಮೊದಲೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಅದರ ಮೇಲಿಟ್ಟೆ. ಮೇಲಿನ ಸಾಲು ಗಾಢ ಹಳದಿ. ಕೆಳಗಿನ ಸಾಲಿನಲ್ಲಿ ಒಂಬೈನೂರಮ್ಮನ ಗುಳಿ ಹೆಚ್ಚುಕಡಿಮೆ ನೀರಿನಂತಿತ್ತು. ಅದರ ಪಕ್ಕದ್ದೂ. ಅದರ ಪಕ್ಕದ್ದೂ. ನೆಲ ಒರೆಸಲು ಬಂದ ಆಯಮ್ಮ ನನ್ನ ಭುಜದ ಮೇಲಿಂದ ಇಣುಕಿ, "ಅಯ್ಯೋ, ಕೆಳಗಿನದಕ್ಕೆ ಬಣ್ಣ ಬರ್ಲೇ ಇಲ್ಲ, ಕೆಟ್ಟೋಯ್ತಾ?" ಎಂದಳು. ಬಣ್ಣ ಬಾರದಿದ್ದದ್ದೇ ಗೆದ್ದದ್ದು ಎಂದೆ. ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ, ಪೊರಕೆ ಗೋಡೆಗೆ ಒರಗಿಸಿ ನನ್ನ ಪಕ್ಕ ನಿಂತಳು. ಇಬ್ಬರೂ ಆ ತಟ್ಟೆಯನ್ನೇ ನೋಡುತ್ತಾ ನಿಂತೆವು. ನನ್ನ ಓದಿನಲ್ಲಿ ಎಷ್ಟೋ ಒಳ್ಳೆಯ ಸಾಲುಗಳು ಬಂದುಹೋಗಿವೆ. ಅಂದು ಆ ಎರಡು ಸಾಲುಗಳ ಮುಂದೆ ಅವು ಯಾವುವೂ ನೆನಪಾಗಲಿಲ್ಲ.

ಹೊದಿಕೆಯ ಹನ್ನೊಂದರಲ್ಲಿ ಒಂಬತ್ತು ಮಕ್ಕಳಿಗೆ ಹಾರ್ಮೋನು ರಾತ್ರಿ ಏರಿ ಹಗಲು ಇಳಿಯುತ್ತಿತ್ತು. ಬೆಳಕಿನ ಹತ್ತರಲ್ಲಿ ಎರಡಕ್ಕೆ ಮಾತ್ರ. ಇಪ್ಪತ್ತೊಂದು ಮಕ್ಕಳಿಂದ ಲೋಕದ ಶಾಸ್ತ್ರ ಬದಲಾಗುವುದಿಲ್ಲ, ಬೆಳಕಿನವರಿಗೂ ತಡವಾಗಿಯಾದರೂ ಬರುತ್ತದೆ. ಇದನ್ನು ವರದಿಯಲ್ಲೂ ಬರೆದಿದ್ದೇನೆ. ಆದರೆ ಒಂದು ಗೋಡೆಯ ತಂತಿ ಬದಲಾಗಲು ಅಷ್ಟು ಸಾಕಾಯಿತು. ಸಭೆಯಲ್ಲಿ ಕಟ್ಟಡದ ಎಂಜಿನಿಯರು ಗೊಣಗಿದರು. "ಹದಿನಾರಕ್ಕೆ ಹದಿನಾರು ಸ್ವಿಚ್ಚಾ? ಇದೇನು ಸಿನಿಮಾ ಥಿಯೇಟರಾ ಮೇಡಂ?" ನಾನು ಬಾಯಿ ತೆರೆಯುವ ಮೊದಲೇ ದೊಡ್ಡ ಡಾಕ್ಟರು, "ಥಿಯೇಟರಲ್ಲಿ ಮೂರು ಗಂಟೆ ಕತ್ತಲೆ ಇರುತ್ತಪ್ಪಾ, ಇವರಿಗೆ ಹನ್ನೆರಡು ಗಂಟೆ ಬೇಕಂತೆ. ಬರ್ಕೋ" ಎಂದರು. ಅವರು ಬರೆದುಕೊಂಡರು. ಪ್ಲಾಸ್ಟರಿಗೆ ಐದು ದಿನ ಮೊದಲು.

ಅದೇ ವಾರ ದರ್ಜಿಯಮ್ಮ ಫೋನು ಮಾಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ನಿನ್ನೆ ಒಂಬತ್ತಕ್ಕೆ ಮಲಗಿದವಳು ಐದು ಗಂಟೆವರೆಗೆ ಏಳ್ಲಿಲ್ಲ ಮೇಡಂ." ಹಾಗಾದರೆ ನೀನೂ ಚೆನ್ನಾಗಿ ನಿದ್ದೆ ಮಾಡಿದೆಯಲ್ಲ ಎಂದೆ. "ಎಲ್ಲಿ ನಿದ್ದೆ? ಉಸಿರಾಡ್ತಾಳಾ ಅಂತ ನಾನೇ ನಾಲ್ಕು ಸಲ ಎದ್ದು ನೋಡಿದೆ." ಫೋನಿಟ್ಟ ಮೇಲೆ ನಿಮ್ಮ ನೆನಪು ಎಷ್ಟು ಬಂತೆಂದರೆ ಕಾಗದ ಪೆನ್ನು ಎಳೆದುಕೊಂಡು ಕುಳಿತೆ. ಬರೆದದ್ದು ಇಂದು, ಐದು ತಿಂಗಳಾದ ಮೇಲೆ.

ಮಂಗಳವಾರ ಸಂಜೆ ಏಳಕ್ಕೆ ಹೊಸ ವಾರ್ಡಿನಲ್ಲಿ ಮೊದಲ ಸಲ ದೀಪ ತಗ್ಗಿಸುತ್ತೇವೆ. ಯಾರ ಕೈಯಿಂದ ಮಾಡಿಸೋಣ ಎಂದು ದೊಡ್ಡ ಡಾಕ್ಟರು ಕೇಳಿದರು. ಯಾರೋ ಮಂತ್ರಿಗಳ ಹೆಸರು ಬಂತು. ಚಿಕ್ಕ ಸಿಸ್ಟರು, ಆಯಮ್ಮ, ನಾನು ಮೂವರೂ ಒಟ್ಟಿಗೆ ನಿಮ್ಮ ಹೆಸರು ಹೇಳಿದೆವು. ಕತ್ತಲೆಯನ್ನು ನಂಬದವರೇ ಮೊದಲ ಸ್ವಿಚ್ಚು ಒತ್ತಬೇಕು. ಒತ್ತಿದ ಮೇಲೆ ಒಂದೊಂದು ಪೆಟ್ಟಿಗೆಯ ಹತ್ತಿರ ಹೋಗಿ, ಅಲ್ಲೂ ಉಳಿಸಿಕೊಂಡಿರುವ ಹೊದಿಕೆಯ ಮುಚ್ಚಳ ಎತ್ತಿ ನೋಡಿ. ಏನಾದರೂ ಕೊರತೆ ಕಂಡರೆ ಅಲ್ಲೇ ಹೇಳಿ. ಈ ಸಲ ಬರೆದುಕೊಳ್ಳುವವಳು ನಾನು.

ಬೆನ್ನುನೋವು ಹೇಗಿದೆ? ಮೆಟ್ಟಿಲು ಹತ್ತುವ ಗೊಡವೆಯಿಲ್ಲ, ವಾರ್ಡು ನೆಲಮಹಡಿಯಲ್ಲೇ ಇದೆ.

ಪ್ರೀತಿಯಿಂದ,
ನಿಮ್ಮ ಹತ್ತಿ ಮೇಡಂ

ಸಹಿ ಹಾಕಿದ ಮೇಲೆ: ಆ ಸಭೆಯಲ್ಲಿ ಸುಮ್ಮನಿದ್ದೆ ಎಂದು ಬರೆದಿದ್ದೇನೆ. ಅದು ಸುಳ್ಳು. ನರ್ಸುಗಳು ಹತ್ತಿ ಸರಿಯಾಗಿ ಬದಲಿಸಿಲ್ಲ ಎಂಬ ಮಾತು ಎಲ್ಲಿಂದಲೋ ಬಂದದ್ದಲ್ಲ. ಹಿಂದಿನ ದಿನವೇ ನಾನು ಅದನ್ನು ದೊಡ್ಡ ಡಾಕ್ಟರಿಗೆ ಬರವಣಿಗೆಯಲ್ಲಿ ಕೊಟ್ಟಿದ್ದೆ, ನಿಮ್ಮ ಹೆಸರು ಹಾಕಿ. ನನ್ನ ಬಳಿ ಸಾಕ್ಷಿಯಿರಲಿಲ್ಲ, ಸೋತೆ ಎಂಬ ಅವಮಾನವಿತ್ತು. ಇಷ್ಟು ದಿನ ಬರೆಯದಿದ್ದದ್ದೂ ಕೆಲಸ ಹೆಚ್ಚಾಗಿ ಅಲ್ಲ. ಕಳೆದ ಗುರುವಾರ ಎಲ್ಲರೂ ಸೇರಿದ ಸಭೆಯಲ್ಲಿ ಆ ಕಾಗದವನ್ನು ಹಿಂದಕ್ಕೆ ಪಡೆದು, ಮುದ್ರಣಕ್ಕೆ ಹೋಗುವ ವರದಿಯ ಎರಡನೆಯ ಪುಟದಲ್ಲಿರುವ ಈ ಸಾಲನ್ನು ನಿಂತು ಓದಿದೆ: "ಮೊದಲ ಪ್ರಯೋಗದಲ್ಲಿ ಹತ್ತಿ ಬದಲಿಸುವುದು ಒಂದು ಬಾರಿಯೂ ತಪ್ಪಿಲ್ಲ. ತಪ್ಪಿದ್ದು ಸಂಶೋಧಕಿ. ಕತ್ತಲೆ ಬೇಕೆಂದು ಕೇಳಿದವಳು, ಆ ಕತ್ತಲೆಯಲ್ಲಿ ಮಗುವನ್ನು ಕಾಯುವುದು ಹೇಗೆಂದು ಕಾಯುವವರನ್ನು ಕೇಳಲಿಲ್ಲ." ದೊಡ್ಡ ಡಾಕ್ಟರು ಆ ಸಾಲು ತೆಗೆಯಿರಿ, ವರದಿಯ ತೂಕ ಕಡಿಮೆಯಾಗುತ್ತದೆ ಎಂದರು. ತೆಗೆಯಲಿಲ್ಲ. ಇದನ್ನೆಲ್ಲ ಪತ್ರದ ಒಳಗೇ ಹೇಳಬೇಕಿತ್ತು. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ. ಇದನ್ನು ಓದಿದ ಮೇಲೂ ನಿಮಗೆ ಬರಬೇಕೆನಿಸಿದರೆ, ಮಂಗಳವಾರ ಐದು ಗಂಟೆಯಿಂದಲೇ ಗೇಟಿನ ಹತ್ತಿರ ನಿಂತಿರುತ್ತೇನೆ. ಬೈಯುವುದಿದ್ದರೆ ಅಲ್ಲೇ, ಎಲ್ಲರೆದುರು, ಗಟ್ಟಿಯಾಗಿ ಬೈಯಿರಿ. ಒಳಗೆ ಮಕ್ಕಳು ಮಲಗಿರುತ್ತಾರೆ.